ಹರಿಹರಕ್ಕೆ ಖಾಲಿ ಬಂದ ಬುಟ್ಟಿ

ದಾವಣಗೆರೆಯವರಿಗೆ ಒಂದು ಧಿಮಾಕು ಇರುತ್ತದೆ. ನನಗೂ ಇತ್ತು, ಇಲ್ಲ ಎನ್ನುವುದಿಲ್ಲ. ಹರಿಹರ ಎಂದರೆ ನಮ್ಮ ಕಣ್ಣಿಗೆ ಊರೇ ಅಲ್ಲ, ಹುಬ್ಬಳ್ಳಿ ಕಡೆ ಹೋಗುವ ಬಸ್ಸು ಸ್ವಲ್ಪ ಹೊತ್ತು ನಿಂತು ಹೋಗುವ ಜಾಗ. ಹೊಳೆ ಐತೆ, ಗುಡಿ ಐತೆ, ಮುಗೀತು. ಸೀರೆಗೆ ಒಂದು ಫಾಲ್ ಬೇಕಾದರೂ ಅಲ್ಲಿನವರು ನಮ್ಮ ಮಂಡಿಪೇಟೆಗೇ ಬರಬೇಕು ಎಂದು ನಾನು ಎಷ್ಟು ಸಲ ಆಡಿಕೊಂಡಿಲ್ಲ! ಆಡಿಕೊಂಡವಳನ್ನೇ ದೇವರು ಎತ್ತಿ ಹರಿಹರದಲ್ಲಿ ಕೂರಿಸಿದ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಜೊತೆಗೆ ನಮ್ಮ ಅಕ್ಕನನ್ನೂ ಎಳೆದುಕೊಂಡು ಬಂದೆನಲ್ಲ, ಅದು ಎದೆಯಲ್ಲಿ ಕೂತಿದೆ.

ನಾವು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ನಾನು ಮಂಡಿಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟು ಬಹಳ ವರ್ಷವಾಯಿತು. ನಮ್ಮ ಮನೆಯವರಿಗೆ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸ. ಮಗಳ ಮದುವೆಯೂ ಆ ಬಾಡಿಗೆ ಮನೆಯಿಂದಲೇ ಆಗಿತ್ತು. ಒಂದು ದಿನ ಮನೆ ಮಾಲೀಕರು ಬಂದು, "ಮಗನ ಮದುವಿ ಮಾಡ್ತೀವಿ, ಮನಿ ಬೇಕಾಗೈತೆ, ಬ್ಯಾಸರ ಮಾಡ್ಕೊಬ್ಯಾಡ್ರಿ" ಎಂದು ಕೈ ಮುಗಿದರು. ಬೇಸರ ಮಾಡಿಕೊಳ್ಳದೆ ಇನ್ನೇನು ಮಾಡುವುದು? ಇನ್ನೊಬ್ಬರ ಮನೆಗೆ ಸುಣ್ಣ ಬಳಿದದ್ದು ಸಾಕು, ಸ್ವಂತದ್ದೇ ಆಗಲಿ ಎಂದು ನಮ್ಮ ಮನೆಯವರು ಹಟ ಹಿಡಿದರು.

ಭಾನುವಾರ ಬಂತೆಂದರೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುವುದು. ದಾವಣಗೆರೆಯಲ್ಲಿ ನಮ್ಮ ಕೈಗೆ ಎಟುಕುವುದು ಎಂದರೆ ಊರಾಚೆಯ ಹೊಸ ಲೇಔಟು. ಬೀದಿ ದೀಪದ ಕಂಬ ಇದೆ, ಬೀದಿ ಇಲ್ಲ. ಪಾರ್ಕ್ ಎಂದು ಬೋರ್ಡು ಇದೆ, ಅದರ ಕೆಳಗೆ ಎಮ್ಮೆ ಮಲಗಿದೆ. ಕೆಂಡಾಮಂಡಲ ಬಿಸಿಲಿನಲ್ಲಿ ನಿಂತು ನಾನು ರೇಗಿದೆ: "ಇದು ದಾವಣಗೆರಿ ಏನ್ರಿ? ಇಲ್ಲಿಂದ ನನ್ನ ಅಂಗಡಿಗೆ ಹೋಗೋ ಹೊತ್ತಿಗೆ ಹರಿಹರದಿಂದಾನೇ ಬರಬಹುದು!" ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಅವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಮುಂದಿನ ಭಾನುವಾರ ಸ್ಕೂಟರು ಹರಿಹರದ ದಾರಿ ಹಿಡಿಯಿತು.

ಅಲ್ಲಿ ತೋರಿಸಿದ ಮನೆಗೆ ನಾನು ಕೊಂಕು ತೆಗೆಯಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಡುಗೆಮನೆಗೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಹಿತ್ತಲಲ್ಲಿ ಕರಿಬೇವಿನ ಗಿಡ ಇತ್ತು. ಗೋಡೆಗೆ ಗೋಡೆ ಅಂಟಿದಂತೆ ಪಕ್ಕದಲ್ಲೇ ಇನ್ನೊಂದು ಚಿಕ್ಕ ಮನೆ, ಬಾಡಿಗೆಗೆ ಖಾಲಿ. ಎರಡರ ಹಿತ್ತಲಿಗೂ ನಡುವೆ ಒಂದು ಪುಟ್ಟ ಗೇಟು. "ನಿನ್ನ ತವರು ಕೊಕ್ಕನೂರಿಗೂ ಹತ್ರ ಆಗ್ತೈತೆ ನೋಡು" ಎಂದು ಮನೆಯವರು ಬೆಣ್ಣೆ ಹಚ್ಚಿದರು. ತವರಿನಲ್ಲಿ ಈಗ ಯಾರಿದ್ದಾರೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಆ ಪುಟ್ಟ ಗೇಟನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

ನಮ್ಮ ಅಕ್ಕನ ಬಗ್ಗೆ ಹೇಳಬೇಕು. ಅವ್ವ ಬೇಗ ಹೋದಳು, ನನ್ನ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅಕ್ಕ. ಅವಳನ್ನು ಲೋಕಿಕೆರೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಹೊಲವನ್ನು ಬೇರೆಯವರಿಗೆ ಲಾವಣಿಗೆ ಹಾಕಿ ದಾವಣಗೆರೆಗೆ ಬಂದು, ನಮ್ಮ ಬೀದಿಯಲ್ಲೇ ಒಂದು ಕೋಣೆಯ ಮನೆ ಹಿಡಿದಳು. ನಾನು ಅಷ್ಟು ವರ್ಷದಿಂದ ಇದ್ದ ಬೀದಿ ಅದು. ನನಗೆ ಅಲ್ಲಿ ಹಾಲಿನವನು ಬಿಟ್ಟರೆ ಯಾರ ಗುರುತೂ ಇರಲಿಲ್ಲ. ಅಕ್ಕ ಬಂದು ಒಂದು ಶ್ರಾವಣ ಕಳೆಯುವಷ್ಟರಲ್ಲಿ ಇಡೀ ಬೀದಿ ಅವಳ ಜಗುಲಿಯ ಮೇಲೆ ಕೂತಿತ್ತು. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಹರಟೆ. ಸೋಮವಾರ ಒಬ್ಬೊಬ್ಬರ ಮನೆಯಲ್ಲಿ ವಚನ ಹೇಳುವುದು. ಎಲ್ಲರಿಗಿಂತ ಹೆಚ್ಚು ಅಂಟಿಕೊಂಡವರು ಮೂಲೆ ಮನೆಯವರು. ದೊಡ್ಡ ಬಾಯಿ, ದೊಡ್ಡ ಕುಂಕುಮ, ದೊಡ್ಡ ಮನಸ್ಸು. ನಮ್ಮಕ್ಕನನ್ನು ಬಿಟ್ಟು ಅವರು ಕೊತ್ತಂಬರಿ ತರುವುದಕ್ಕೂ ಹೋಗುತ್ತಿರಲಿಲ್ಲ.

ಇಂಥವಳನ್ನು ನಾನು ಹರಿಹರಕ್ಕೆ ಕರೆದೆ. ಯಾಕೆ ಕರೆದೆ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಆಗುತ್ತೇನೆಂಬ ಹೆದರಿಕೆ ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಡಿಯಿಂದ ಸುಸ್ತಾಗಿ ಬಂದಾಗ ಅಕ್ಕನ ಮನೆಯಲ್ಲಿ ಬಿಸಿ ರೊಟ್ಟಿ ಸಿಗುತ್ತದೆ ಎಂಬ ಆಸೆ.

"ನಾ ಇಲ್ಲೇ ಇರ್ತೀನಿ ಬಿಡು" ಎಂದಳು ಅಕ್ಕ ಮೊದಲು. "ಇವ್ರನ್ನೆಲ್ಲಾ ಬಿಟ್ಟು ಹೆಂಗೆ ಬರ್ಲಿ?"

"ಬಿಡೋದು ಎಲ್ಲಿ ಬಂತಕ್ಕಾ? ಇಪ್ಪತ್ತು ನಿಮಿಷದ ದಾರಿ. ಬಸ್ ಹತ್ತಿದ್ರೆ ಬಂದ್ಬಿಟ್ಟೆ."

"ನನ್ನ ಮೊಣಕಾಲು?"

"ನಾ ದಿನಾ ಬರ್ತೀನಲ್ಲ ಅಂಗಡಿಗೆ. ನಿಂಗೆ ಬೇಕಾದಾಗ ನನ್ನ ಜೊತಿ ಬಾ. ನಾ ಒಬ್ಬಾಕಿ ಅಲ್ಲಿ ಏನ್ ಮಾಡ್ಲಿ ಹೇಳು?"

ಕೊನೆಯ ಮಾತು ಹೇಳುವಾಗ ಕಣ್ಣಲ್ಲಿ ನೀರೂ ತಂದುಕೊಂಡೆ. ಅಕ್ಕ ಸೆರಗಿನ ತುದಿ ನನ್ನ ಕೈಗೆ ತುರುಕಿದಳು. "ಸಾಕು ಮಾರಾಯ್ತಿ, ಮೂಗು ಒರಸ್ಕೊ. ಬರ್ತೀನಿ" ಎಂದಳು. ಚಿಕ್ಕಂದಿನಲ್ಲಿ ಜಾತ್ರೆಯ ಬಳೆ ಬೇಕೆಂದು ಅತ್ತಾಗಲೂ ಹೀಗೇ ಹೇಳಿ ತನ್ನ ಕೈಯ ಬಳೆ ತೆಗೆದು ಕೊಟ್ಟಿದ್ದಳು.

ಆ ಮನೆ ಕೊಂಡು, ಪಕ್ಕದ ಚಿಕ್ಕ ಮನೆಯನ್ನು ಅಕ್ಕನಿಗೆ ಬಾಡಿಗೆಗೆ ಹಿಡಿದು ಬಂದೆವು. ಬಂದ ಮೇಲೆ ಏನಾಯಿತು ಎಂದರೆ, ಹರಿಹರಕ್ಕೆ ನಿಜವಾಗಿ ಬಂದವಳು ಅಕ್ಕ ಒಬ್ಬಳೇ. ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಬಸ್ಸು ಹತ್ತಿದರೆ ನಾನು ದೀಪ ಹಚ್ಚುವ ಹೊತ್ತಿಗೇ ಬರುವುದು. ಮನೆಯವರೂ ಅಷ್ಟೇ. ಮಂಡಿಪೇಟೆ, ನನ್ನ ಹೊಲಿಗೆ ಯಂತ್ರ, ನನ್ನ ಗಿರಾಕಿಗಳು, ಯಾವುದೂ ನನ್ನಿಂದ ದೂರವಾಗಲಿಲ್ಲ. ಬದಲಿಗೆ ಅಕ್ಕನ ಗೆಳತಿಯರು ನನಗೆ ಹತ್ತಿರವಾದರು. ಪೇಟೆಗೆ ಬಂದವರು, "ಅಕ್ಕ ಹೆಂಗದಾಳೆ?" ಎಂದು ಅಂಗಡಿಗೆ ಬರುವರು, ಕೂರುವರು, ಅಕ್ಕನ ಬುತ್ತಿಯಿಂದಲೇ ಒಂದು ತುತ್ತು ತಿಂದು, "ಅಕ್ಕನ ಕೈ ರುಚಿನೇ ರುಚಿ" ಎನ್ನುವರು. ಜನ್ಮದಲ್ಲಿ ಒಬ್ಬ ಗೆಳತಿಯನ್ನು ಮಾಡಿಕೊಳ್ಳಲಾರದ ನಾನು, ಅಕ್ಕನ ಜಗುಲಿಯನ್ನೇ ಎತ್ತಿ ತಂದು ನನ್ನ ಅಂಗಡಿಯಲ್ಲಿಟ್ಟುಕೊಂಡಿದ್ದೆ.

ಅತ್ತ ಅಕ್ಕ ಇಡೀ ದಿನ ಎರಡು ಮನೆಯ ನಡುವಿನ ಗೇಟು ತೆಗೆಯುತ್ತ ಮುಚ್ಚುತ್ತ ಇರುವಳು. ನನ್ನ ಬಟ್ಟೆ ಒಣಹಾಕುವಳು, ನನ್ನ ಮನೆಯ ಹಾಲು ಕಾಯಿಸುವಳು. ಬಸ್ಸಿನ ಮೆಟ್ಟಿಲು ಅವಳ ಮೊಣಕಾಲಿಗೆ ಬೆಟ್ಟ. ಬಂದ ಹೊಸತರಲ್ಲಿ ಒಂದೆರಡು ಸಲ ನನ್ನ ಜೊತೆ ಹೊರಟು, ನಿಲ್ದಾಣದ ನೂಕುನುಗ್ಗಲಿಗೆ ಹೆದರಿ ವಾಪಸು ಹೋದಳು. ಆಟೋ ಮಾಡಿಕೊಂಡು ಕರೆದುಕೊಂಡು ಹೋಗಬಹುದಿತ್ತು. "ಮುಂದಿನ ವಾರ" ಎನ್ನುತ್ತಿದ್ದೆ. ಮದುವೆ ಸೀಸನ್ನಿನಲ್ಲಿ ನನಗೆ ಮುಂದಿನ ವಾರ ಎಂಬುದೇ ಇರುವುದಿಲ್ಲ.

ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುವಳು: "ಏನೇ, ದಾವಣಗೆರಿ ಸುದ್ದಿ ಏನು?"

"ಏನೈತೆ? ಧೂಳೈತೆ" ಎನ್ನುತ್ತಿದ್ದೆ ನಾನು. ಮೂಲೆ ಮನೆಯವರು ಬಂದಿದ್ದರು, ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಹೇಳಿದರೆ ಅವಳಿಗೆ ಸಂಕಟ, ಹೇಳದಿದ್ದರೆ ನನಗೆ. ನನ್ನ ಸಂಕಟವೇ ಇರಲಿ ಎಂದು ದೊಡ್ಡವಳಂತೆ ಅಂದುಕೊಂಡಿದ್ದೆ. ಸುಳ್ಳು. ಹೇಳಿದರೆ ಮರುದಿನವೇ ಕರೆದುಕೊಂಡು ಹೋಗಬೇಕಾಗುತ್ತಿತ್ತು, ಅದಕ್ಕೆ ಹೇಳಲಿಲ್ಲ.

ಹೋದ ವರ್ಷದ ರೊಟ್ಟಿ ಹಬ್ಬ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ಅಕ್ಕಪಕ್ಕದ ಮನೆಗಳಿಗೆ ರೊಟ್ಟಿ ಕೊಡುತ್ತಾರೆ. ಸಜ್ಜೆಯದು, ಜೋಳದ್ದು, ಎಳ್ಳು ಹಚ್ಚಿದ್ದು, ಮೇಲೆ ಗುರೆಳ್ಳು ಚಟ್ನಿ, ಕಾಳು ಪಲ್ಯ, ಎಣ್ಣೆಗಾಯಿ. ಇದರಲ್ಲಿ ಒಂದು ಕಟ್ಟು ಇದೆ. ರೊಟ್ಟಿ ತೆಗೆದುಕೊಂಡ ಮನೆಯವರು ಬುಟ್ಟಿಯನ್ನು ಬರಿದು ಕಳಿಸುವಂತಿಲ್ಲ, ತಮ್ಮ ಮನೆಯ ರೊಟ್ಟಿ ಇಟ್ಟೇ ಕಳಿಸಬೇಕು. ಬುಟ್ಟಿ ಖಾಲಿ ಬಂತೆಂದರೆ ಆ ಮನೆಯ ಬಾಗಿಲು ನಿಮಗೆ ಮುಚ್ಚಿತು ಎಂದೇ ಅರ್ಥ. ಜಗಳವಾದ ಮನೆಯವರು ಬಾಯಲ್ಲಿ ಏನೂ ಆಡದೆ ಹೀಗೇ ತಿಳಿಸುವುದನ್ನು ನಾನು ಕೊಕ್ಕನೂರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಇನ್ನೊಂದು, ಕೊಟ್ಟ ರೊಟ್ಟಿಯನ್ನು ಆಮೇಲೆ ಮಾತಿನಲ್ಲಿ ಎತ್ತಬಾರದು. ಮುಟ್ಟಿತೇ ಎಂದು ಕೊಟ್ಟವರು ಕೇಳುವುದಿಲ್ಲ, ನಿಮ್ಮದು ಬರಲಿಲ್ಲವಲ್ಲ ಎಂದು ಖಾಲಿ ಬುಟ್ಟಿ ಬಂದವರೂ ಕೇಳುವುದಿಲ್ಲ.

ಹರಿಹರದ ಬೀದಿಯಲ್ಲಿ ಅಕ್ಕನಿಗೆ ಆಗ ಯಾರ ಗುರುತೂ ಇರಲಿಲ್ಲ. ಆದರೂ ವಾರದಿಂದ ರೊಟ್ಟಿ ತಟ್ಟಿ ಒಣಗಿಸಿದ್ದಳು. ಹಬ್ಬದ ಬೆಳಿಗ್ಗೆ ದೊಡ್ಡ ಬುಟ್ಟಿಗೆ ಜೋಡಿಸಿ, ಬಿಳಿ ಪಂಚೆ ಮುಚ್ಚಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ನಮ್ಮ ಬೀದಿಯಾಗ ಎಲ್ಲಾರ ಮನಿಗೂ ಕೊಟ್ಟು ಬಾ. ಮೂಲಿ ಮನಿಯಿಂದ ಶುರು ಮಾಡು, ಇಲ್ಲಂದ್ರೆ ಆಕಿ ಸಿಟ್ಟಾಗ್ತಾಳೆ." ಹರಿಹರಕ್ಕೆ ಬಂದು ಅಷ್ಟು ದಿನವಾಗಿದ್ದರೂ 'ನಮ್ಮ ಬೀದಿ' ಅವಳಿಗೆ ಅಲ್ಲೇ ಇತ್ತು.

ಮಳೆ ಹನಿಯುತ್ತಿತ್ತು. ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲೆ, ಯಾರ ಮೊಣಕೈಯೂ ತಾಗದ ಹಾಗೆ. ನನಗೆ ಅವತ್ತು ಅಂಗಡಿಯಲ್ಲಿ ಕೊರಳಿಗೆ ಬರುವಷ್ಟು ಕೆಲಸ, ಪಂಚಮಿಗೆ ಕೊಡಬೇಕಾದ ರವಿಕೆಗಳು. ಆದರೂ ಬೀದಿ ಸುತ್ತಿದೆ, ಮನೆ ಮನೆಗೆ ಕೊಟ್ಟೆ. ಒಬ್ಬರಾದರೂ ಬರಿಗೈಯಲ್ಲಿ ಕಳಿಸಲಿಲ್ಲ. ಮೂಲೆ ಮನೆಯವರು ನನ್ನನ್ನು ನಿಲ್ಲಿಸಿಕೊಂಡು, ಒಳಗಿಂದ ಬಾಳೆ ಎಲೆಯಲ್ಲಿ ಬೇರೆ ಸುತ್ತಿದ್ದನ್ನು ತಂದು ಎಲ್ಲದರ ಮೇಲಿಟ್ಟರು. "ಇವು ಅಕ್ಕಗೆ. ಆಕಿ ಹಲ್ಲಿಗೆ ಗಟ್ಟಿ ಆಗಂಗಿಲ್ಲ, ಅದಕ್ಕೇ ಬ್ಯಾರೆ ಮೆತ್ತಗೆ ತಟ್ಟೀನಿ. ನೀ ತಿಂದ್ಗಿಂದೀಯ ಮತ್ತೆ!" ಎಂದು ನಕ್ಕರು.

ತಿನ್ನಲಿಲ್ಲ. ತಿಂದಿದ್ದರೂ ಇಷ್ಟು ಬಾಧೆ ಇರುತ್ತಿರಲಿಲ್ಲವೇನೋ. ಸಂಜೆಯವರೆಗೂ ಯಂತ್ರ ತುಳಿದು ಸೊಂಟ ಬಿದ್ದುಹೋಗಿತ್ತು. ಕೆಲಸಕ್ಕಿದ್ದ ಇಬ್ಬರು ಹುಡುಗಿಯರು ಹಬ್ಬದ ದಿನವೂ ಮನೆ ಬಿಟ್ಟು ಬಂದು ಗುಂಡಿ ಹಚ್ಚುತ್ತಿದ್ದರು. ಹೊರಗೆ ಮಳೆ ಜೋರಾಯಿತು. ಈ ತುಂಬಿದ ಬುಟ್ಟಿ ಹೊತ್ತು ಆ ಬಸ್ಸಿನಲ್ಲಿ ನಿಲ್ಲಬೇಕಲ್ಲ ಎಂದು ತಲೆ ಕೆಟ್ಟಿತು. ಮನೆಯಲ್ಲಿ ಅಕ್ಕ ಮಾಡಿದ ರೊಟ್ಟಿಯೇ ಗೋಪುರದ ಹಾಗಿದೆ, ಯಾರು ತಿನ್ನುತ್ತಾರೆ ಎಂದುಕೊಂಡು, "ತಗೊಳ್ರೇ, ಮನಿಗೆ ಒಯ್ರಿ" ಎಂದು ಎಲ್ಲವನ್ನೂ ಹುಡುಗಿಯರಿಗೆ ಹಂಚಿಬಿಟ್ಟೆ. ಬಾಳೆ ಎಲೆಯ ಪೊಟ್ಟಣವನ್ನೂ. ಅದು ಕೈಗೆ ಬಂದಾಗ ಒಂದು ಕ್ಷಣ ನಿಂತೆ, ಆಮೇಲೆ ಕೊಟ್ಟೆ. ಹುಡುಗಿಯರಿಗೆ ಸಂತೋಷವಾಯಿತು. ನಾನೂ ದಾನಶೂರೆಯ ಹಾಗೆ ಬೀಗಿದೆ. ಬುಟ್ಟಿಯೊಳಗೆ ಪಂಚೆ ಮಡಿಸಿಟ್ಟು ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲೇ ಇದ್ದಳು. ಒಲೆಯ ಮೇಲೆ ಎಣ್ಣೆಗಾಯಿ ಬಿಸಿ ಇತ್ತು, ಪಕ್ಕದಲ್ಲಿ ಖಾಲಿ ಹರಿವಾಣ ತೊಳೆದು ಇಟ್ಟಿದ್ದಳು, ಬಂದ ರೊಟ್ಟಿ ಜೋಡಿಸಲು. ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಅದರ ಹಗುರ ಗೊತ್ತಾದ ಕೂಡಲೇ ಅವಳ ಕೈ ನಿಂತಿತು. ಪಂಚೆ ಎತ್ತಿ ನೋಡಿದಳು.

"ಯಾರೂ... ಏನೂ ಇಡ್ಲಿಲ್ಲೇನು?"

ಅಯ್ಯೋ ದೇವರೇ, ಆ ಹೊತ್ತಿಗೆ ನನಗೆ ನೆನಪಾಯಿತು, ಖಾಲಿ ಬುಟ್ಟಿಗೆ ಏನು ಅರ್ಥ ಎಂಬುದು. ಅಷ್ಟು ಹೊತ್ತು ನನ್ನ ಬುದ್ಧಿ ಮಣ್ಣು ತಿನ್ನುತ್ತಿತ್ತು. ಆಗಲೇ ಹೇಳಿಬಿಡಬೇಕಿತ್ತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಆದರೆ ಅವಳಿಗಾಗಿಯೇ ತಟ್ಟಿದ ಮೆತ್ತಗಿನ ರೊಟ್ಟಿಯನ್ನೂ ದಾನ ಮಾಡಿ ಬಂದೆ ಎಂದು ಯಾವ ಮುಖದಿಂದ ಹೇಳಲಿ? ನನಗೆ ತಪ್ಪು ಮಾಡಿದಾಗಲೇ ಸಿಟ್ಟು ಬರುವುದು. "ಏನ್ ಇಡ್ತಾರೆ ಬಿಡಕ್ಕಾ, ಎಲ್ಲಾರೂ ಅವಸರದಾಗಿದ್ರು. ಮಳಿ ಬ್ಯಾರೆ. ನನಗ ಮೊದ್ಲು ಚಾ ಕೊಡು" ಎಂದು ಗದರಿದೆ.

ಅಕ್ಕ ಬುಟ್ಟಿಯನ್ನು ಮೂಲೆಗಿಟ್ಟಳು. ಚಹಾ ಕೊಟ್ಟಳು. ತೊಳೆದಿಟ್ಟ ಹರಿವಾಣವನ್ನು ಮತ್ತೆ ಒರೆಸಿ ಅಟ್ಟಕ್ಕೆ ಎತ್ತಿದಳು. ಮೊಣಕಾಲು ನೋವಿನವಳು ಸ್ಟೂಲು ಹತ್ತಿ ಎತ್ತಿಡುವುದನ್ನು ನಾನು ಚಹಾ ಕುಡಿಯುತ್ತ ನೋಡಿದೆ.

ಮರುದಿನದಿಂದ ಅವಳು ದಾವಣಗೆರೆ ಸುದ್ದಿ ಕೇಳುವುದನ್ನು ಬಿಟ್ಟಳು. ಮೂಲೆ ಮನೆಯವರ ಫೋನು ಬಂದರೆ, "ಆರಾಮ್ ಅದೀನವ್ವಾ, ಒಲಿ ಮ್ಯಾಲೆ ಹಾಲೈತೆ" ಎಂದು ಇಟ್ಟುಬಿಡುವಳು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ಅಂಗಡಿಗೆ ಬಂದ ಮೂಲೆ ಮನೆಯವರು, "ಅಕ್ಕ ಯಾಕ ಮಾತೇ ಆಡಂಗಿಲ್ಲ? ಹರಿಹರದ ನೀರು ಕುಡಿದು ನಮ್ಮನ್ನ ಮರೆತ್ಲೇನು?" ಎಂದರೆ ನಾನು ಅಳತೆ ಟೇಪು ಹುಡುಕಲು ಮೇಜಿನ ಕೆಳಗೆ ಬಗ್ಗುತ್ತಿದ್ದೆ. ಟೇಪು ನನ್ನ ಕೊರಳಲ್ಲೇ ಇರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಕಳ್ಳ ನಾನೇ.

ಎಷ್ಟು ಸಲ ಹೇಳಲು ಹೋದೆನೋ. ಹಿತ್ತಲ ಗೇಟಿನವರೆಗೆ ಹೋಗಿ, ಕರಿಬೇವು ಕಿತ್ತುಕೊಂಡು ಬಂದೆ. ಅಷ್ಟರಲ್ಲಿ ಇನ್ನೊಂದು ಆಯಿತು. ಅಕ್ಕ ಹರಿಹರದವಳಾಗತೊಡಗಿದಳು. ಎದುರು ಮನೆಯ ಬಾಣಂತಿಗೆ ಮೆಂತ್ಯದ ಉಂಡೆ ಕಟ್ಟಿಕೊಟ್ಟಳು. ಗುಡಿಗೆ ಹೋಗುವ ಹೆಂಗಸರ ಜೊತೆ ನಿಧಾನವಾಗಿ ಹೊಳೆಯ ಕಡೆ ನಡೆದು ಬರತೊಡಗಿದಳು. "ಊರಿಗೆ ಬಂದಾಕಿ ನೀರಿಗೆ ಬರದೆ ಇರ್ತಾಳೇನು" ಎಂದು ನಮ್ಮ ಮನೆಯವರು ಖುಷಿಯಿಂದ ಹೇಳಿದರು. ನಾನೂ ಹಾಗೇ ಸಮಾಧಾನ ಮಾಡಿಕೊಂಡೆ. ಕೆಟ್ಟದ್ದರಿಂದ ಒಳ್ಳೆಯದೇ ಆಯಿತಲ್ಲ, ಈಗ ನಿಜ ಹೇಳಿ ಯಾಕೆ ಅವಳ ಮನಸ್ಸು ಕಲಕಲಿ?

ಒಂದು ಸಂಜೆ ಅವಳೇ, ಅವರೆಕಾಯಿ ಬಿಡಿಸುತ್ತ, ಯಾರನ್ನೂ ನೋಡದೆ ಹೇಳಿದಳು: "ನೀ ಹರಿಹರಕ್ಕೆ ಕರಕೊಂಡು ಬಂದಿದ್ದೇ ಚಲೋ ಆತು ನೋಡು. ಅಲ್ಲಿ ನಮಗ ಯಾರದಾರೆ?"

ಆ ಮಾತಿಗೆ ನನ್ನ ಸಮಾಧಾನವೆಲ್ಲ ಕಿತ್ತುಹೋಯಿತು. ಅವಳ ಜೀವಕ್ಕೆ ಜೀವ ಕೊಡುವ ಒಂದು ಬೀದಿ ಅಲ್ಲಿತ್ತು. ಇಲ್ಲ ಎಂದು ಅವಳು ನಂಬಿದ್ದಳು, ನಂಬಿಸಿದ ನಾನು ಎದುರಿಗೆ ಕೂತು ಅವರೆಕಾಳು ಎಣಿಸುತ್ತಿದ್ದೆ. ಅವತ್ತೂ ಹೇಳಲಿಲ್ಲ.

ಈ ವರ್ಷದ ರೊಟ್ಟಿ ಹಬ್ಬಕ್ಕೆ ಅಕ್ಕ ನಮ್ಮ ಹರಿಹರದ ಬೀದಿಗೆ ಮಾತ್ರ ರೊಟ್ಟಿ ತಟ್ಟಿದಳು. ದಾವಣಗೆರೆಗೆಂದು ಬುಟ್ಟಿ ಇಳಿಸಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಬಾಗಿಲ ಮುಂದೆ ಆಟೋ ನಿಂತಿತು. ಇಳಿದವರು ಮೂಲೆ ಮನೆಯವರು, ಕಂಕುಳಲ್ಲಿ ಬುಟ್ಟಿ.

"ನೀ ಅಂತೂ ಬರಂಗಿಲ್ಲ, ನಾನೇ ಬಂದೆ ನೋಡು!" ಎನ್ನುತ್ತ ಒಳಗೆ ಬಂದು ಅಕ್ಕನ ಕೈ ಹಿಡಿದರು. ಅಕ್ಕನ ಮುಖದಲ್ಲಿ ಗಾಬರಿಯೋ ಸಂತೋಷವೋ ಗೊತ್ತಾಗಲಿಲ್ಲ. "ಬರ್ರಿ, ಕೂಡ್ರಿ" ಎಂದಳು. ವರ್ಷಗಟ್ಟಲೆ ಏಕವಚನದಲ್ಲಿ ಮಾತಾಡಿಸಿದವಳು, ಪರಕೀಯರಿಗೆ ಹೇಳಿದ ಹಾಗೆ ಹೇಳಿದಳು. ನಾನು ನೀರು ತರುವ ನೆಪದಲ್ಲಿ ಒಳಗೆ ಓಡಿದೆ. ಅಡುಗೆಮನೆಯಲ್ಲಿ ಕೊಡದ ಮುಂದೆ ನಿಂತು, ಅವರು ಅದೊಂದನ್ನು ಎತ್ತದಿರಲಿ ಎಂದು ಬೇಡಿಕೊಂಡೆ.

ಎತ್ತಬಾರದ ಮಾತು ಎಂದು ಅವರಿಗೂ ಗೊತ್ತು. ಆದರೆ ಬಾಯಿ ದೊಡ್ಡದು. "ಕೇಳಬಾರದು, ಆದ್ರೂ ಕೇಳ್ತೀನವ್ವಾ. ಹೋದ ವರ್ಷ ನಿನ್ನ ಹಲ್ಲಿಗಂತ ಬಾಳಿ ಎಲಿಯಾಗ ಸುತ್ತಿ ಕಳಿಸಿದ್ನಲ್ಲ, ಸಜ್ಜಿ ರೊಟ್ಟಿ, ಹೆಂಗಿದ್ವು? ಒಂದು ಮಾತು ಹೇಳ್ಲಿಲ್ಲ ನೀನು. ಮೆತ್ತಗಾಗಿದ್ವೋ ಇಲ್ಲೋ ಅಂತ ವರ್ಷ ಪೂರ್ತಿ ನನಗದೇ."

ನಾನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ. ಸೀರೆಯ ಅಂಚನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡಳು. ಆಮೇಲೆ ನಕ್ಕಳು.

"ಬಾಯಾಗಿಟ್ರೆ ಕರಗಿದ್ವು ಕಣೇ. ಎಳ್ಳು ಒಂದೀಟು ಜಾಸ್ತಿ ಹಚ್ಚಿದ್ದಿ ನೋಡು."

"ಹಂಗಾ! ಈ ಸಲ ಕಡಿಮಿ ಹಚ್ಚೀನಿ" ಎಂದು ಮೂಲೆ ಮನೆಯವರು ಬುಟ್ಟಿ ಬಿಚ್ಚಿದರು. ಇಬ್ಬರೂ ಕೂತರು. ಬೀದಿಯ ಎಲ್ಲರ ಸುದ್ದಿಯೂ ಬಂತು. ಅಕ್ಕ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುವಳು, ನಗುವಳು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಳು. ಹೊರಡುವಾಗ ಅಕ್ಕ ಅವರ ಬುಟ್ಟಿ ತುಂಬಿ, ಮೇಲೆ ಇನ್ನೂ ಒಂದು ಹಿಡಿ ಚಟ್ನಿಪುಡಿ ಕಟ್ಟಿಟ್ಟಳು. ಆಟೋ ಬೀದಿ ತಿರುಗುವವರೆಗೂ ಗೇಟು ಹಿಡಿದು ನಿಂತಿದ್ದಳು.

ನಾನು ಕಾಯುತ್ತಿದ್ದೆ. ಬೈಗುಳ ಬರಲಿ, ಕೆನ್ನೆಗೊಂದು ಬೀಳಲಿ, ಏನಾದರೂ ಆಗಿಹೋಗಲಿ. ಅಕ್ಕ ಒಳಗೆ ಬಂದಳು. ಕಾಲು ಚಾಚಿ ಗೋಡೆಗೆ ಒರಗಿ ಕೂತು ಮೊಣಕಾಲು ನೀವಿಕೊಂಡಳು. ಈ ಸಲವೂ ಬಾಳೆ ಎಲೆಯಲ್ಲಿ ಸುತ್ತಿಯೇ ತಂದಿದ್ದರು. ಅದನ್ನು ಬಿಚ್ಚಿ ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ಬಹಳ ಹೊತ್ತು ಅಗಿದಳು.

"ಎಲ್ಲಾನೂ ಯಾರಿಗೋ ಕೊಟ್ಟಿದ್ದಿ, ಹೋಗ್ಲಿ" ಎಂದಳು. "ನನಗಂತ ಒಂದೇ ಒಂದಾದ್ರೂ ಉಳಿಸ್ಕೊಂಡು ಬರಬಾರದಾಗಿತ್ತೇನೇ?"

ಉಳಿದರ್ಧ ರೊಟ್ಟಿಯನ್ನು ನನ್ನ ಕಡೆ ಚಾಚಿದಳು. ತೆಗೆದುಕೊಂಡೆ. ಬಹಳ ಮೆತ್ತಗಿತ್ತು.